ತುಪ್ಪಳದ ವ್ಯಾಪಾರಿಯೂ ಹಿಮನಾಡಿನ ಬೇಟೆಗಾರನೂ

ಸಾಹಸಚಿತ್ರಗಳು ಸರಕಿಗೆ ಹೆಸರು ತಂದುಕೊಟ್ಟ ಕಥೆ. ಆ ಹೆಸರಿಗಾಗಿ ತೆತ್ತ ಬೆಲೆಯ ಕಥೆ

ತನ್ನ ಸರಕನ್ನು ತಾನು ಹೊಗಳದ ವ್ಯಾಪಾರಿ ಲೋಕದಲ್ಲಿ ಉಂಟೆ? ಸಂತೆಯಲ್ಲಿ ಬುಟ್ಟಿಯಿಟ್ಟುಕೊಂಡು ಕುಳಿತ ಹಣ್ಣಿನವಳಿಂದ ಹಿಡಿದು ದೇಶದೇಶಗಳಲ್ಲಿ ಕಾರ್ಖಾನೆ ನಡೆಸುವ ಕೋಟ್ಯಧೀಶನವರೆಗೆ ಎಲ್ಲರ ಬಾಯಲ್ಲಿಯೂ ಒಂದೇ ಮಾತು: ನನ್ನದೇ ಒಳ್ಳೆಯದು, ನನ್ನದನ್ನೇ ಕೊಳ್ಳಿ. ಕೊಳ್ಳುವವರಾದ ನಾವೂ ಇದನ್ನು ಕೇಳಿ ಕೇಳಿ ಪಳಗಿದವರು. ಜಾಹೀರಾತಿನ ಮಾತಿನಲ್ಲಿ ಕಾಲುಭಾಗವನ್ನು ನಂಬಿ ಮುಕ್ಕಾಲು ಭಾಗವನ್ನು ಗಾಳಿಗೆ ಬಿಡುತ್ತೇವೆ.

ಹೀಗಿರುವಾಗ, ವ್ಯಾಪಾರಿಯೊಬ್ಬನು ಸಾವಿರಾರು ಡಾಲರುಗಳನ್ನು ಸುರಿದು ಒಂದು ಚಲಚ್ಚಿತ್ರವನ್ನು ತೆಗೆಯಿಸಿ, ಅದರಲ್ಲಿ 'ಕೊಳ್ಳಿ' ಎಂಬ ಒಂದು ಮಾತನ್ನೂ ಆಡಿಸದೆ ಬಿಟ್ಟನೆಂದರೆ ನಂಬುವುದು ಕಷ್ಟ. ಆದರೂ ಇದು ನಡೆದ ಸಂಗತಿ. 1922ರಲ್ಲಿ ತೆರೆಯ ಮೇಲೆ ಬಂದ 'ನಾನೂಕ್ ಆಫ್ ದಿ ನಾರ್ತ್' ಎಂಬ ಮೂಕಿ ಚಿತ್ರವನ್ನು ಸಾಕ್ಷ್ಯಚಿತ್ರಗಳ ಕುಲಕ್ಕೇ ಹಿರಿಯಣ್ಣನೆಂದು ಇಂದಿಗೂ ಗೌರವಿಸುತ್ತಾರೆ. ಹಿಮ, ಬಿರುಗಾಳಿ, ಬೇಟೆಗಳ ಆ ಚಿತ್ರಕ್ಕೆ ಹಣ ಕೊಟ್ಟುದು ಯಾವ ಚಿತ್ರಸಂಸ್ಥೆಯೂ ಅಲ್ಲ. ಪ್ಯಾರಿಸ್ಸಿನ ತುಪ್ಪಳದ ವ್ಯಾಪಾರಿಗಳಾದ ರೆವಿಯೋಂ ಫ್ರೆರ್ ಎಂಬ ಮನೆತನ.

ಸರಕಿನ ಹೆಸರಿಗೆ ಜನರ ಮನಸ್ಸಿನಲ್ಲಿ ಒಂದು ನೆಲೆಯನ್ನು ದೊರಕಿಸಿಕೊಡಲು ಕಥೆ ಹೇಳುವ ಈ ವಿದ್ಯೆಯನ್ನು ಇಂದಿನ ವ್ಯಾಪಾರಿಗಳು 'ಬ್ರಾಂಡಿನ ಕಥೆ' ಎನ್ನುತ್ತಾರೆ. ಅದಕ್ಕಾಗಿ ಪರ್ವತ, ಕಡಲು, ಆಕಾಶಗಳ ಸಾಹಸವನ್ನು ಚಿತ್ರಿಸುವುದು ಈಗ ಒಂದು ದೊಡ್ಡ ಉದ್ಯಮವೇ ಆಗಿದೆ. 2012ರ ಅಕ್ಟೋಬರ್ 14ರಂದು ಫೆಲಿಕ್ಸ್ ಬೌಮ್‌ಗಾರ್ಟ್ನರ್ ಎಂಬ ಆಸ್ಟ್ರಿಯಾದ ಸಾಹಸಿ ಸುಮಾರು 39 ಕಿಲೋಮೀಟರ್ ಎತ್ತರದಿಂದ ಭೂಮಿಗೆ ಧುಮುಕಿದಾಗ, ಯೂಟ್ಯೂಬಿನಲ್ಲಿ ಏಕಕಾಲಕ್ಕೆ ಸುಮಾರು 80 ಲಕ್ಷ ಮಂದಿ ಉಸಿರು ಬಿಗಿಹಿಡಿದು ನೋಡಿದರು. ಆ ಸಾಹಸದ ಹಿಂದಿದ್ದುದು ರೆಡ್ ಬುಲ್ ಎಂಬ ಪಾನೀಯದ ಕಂಪನಿ. ಆದರೆ ಈ ವಿದ್ಯೆಯ ಒಳಿತು ಕೆಡುಕುಗಳೆರಡನ್ನೂ ಬಲ್ಲವರಾಗಬೇಕಾದರೆ ನೂರು ವರ್ಷ ಹಿಂದೆ ಸರಿದು, ಕೆನಡಾದ ಹಡ್ಸನ್ ಕೊಲ್ಲಿಯ ತೀರಕ್ಕೇ ಹೋಗಬೇಕು.

ಒಂದು ಸಿಗರೇಟಿನ ಕಿಡಿ

ರಾಬರ್ಟ್ ಫ್ಲಾಹರ್ಟಿ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ. ಗಣಿಗಳ ನಡುವೆ ಬೆಳೆದ ಆತನ ಕಸಬು ಚಿತ್ರ ತೆಗೆಯುವುದಲ್ಲ, ಕಬ್ಬಿಣದ ಅದಿರನ್ನು ಹುಡುಕುವುದು. ಕೆನಡಾದ ರೈಲುಮಾರ್ಗಗಳ ಒಡೆಯನಾದ ಸರ್ ವಿಲಿಯಂ ಮೆಕೆಂಜಿ 1910ರಿಂದ ಅವನನ್ನು ಹಡ್ಸನ್ ಕೊಲ್ಲಿಯ ಕಡೆಗೆ ಮೇಲಿಂದ ಮೇಲೆ ಕಳುಹಿಸುತ್ತಿದ್ದನು. ಹೋಗುವುದು ಹೇಗೂ ಹೋಗುತ್ತೀಯೆ, ಒಂದು ಚಲಚ್ಚಿತ್ರ ಕ್ಯಾಮೆರಾವನ್ನೂ ಜೊತೆಗೆ ಒಯ್ಯಬಾರದೇಕೆ ಎಂದು ಸೂಚಿಸಿದವನು ಅವನೇ. ಫ್ಲಾಹರ್ಟಿ ಒಂದು ಯಂತ್ರವನ್ನು ಕೊಂಡು, ಮೂರು ವಾರ ಅದರ ಪಾಠ ಹೇಳಿಸಿಕೊಂಡು, ಹಿಮನಾಡಿಗೆ ಹೊರಟನು.

ಅಲ್ಲಿಯ ಇನುಯಿಟ್ ಜನರನ್ನು ಕುರಿತು ಆತನು ತೆಗೆದ ಚಿತ್ರವೆಲ್ಲ 1916ರಲ್ಲಿ ಟೊರಾಂಟೋ ನಗರದಲ್ಲಿ ಬೂದಿಯಾಯಿತು. ಆ ಕಾಲದ ಫಿಲ್ಮ್ ಮದ್ದಿನಂತೆ ಹೊತ್ತಿಕೊಳ್ಳುವಂಥದು. ಅವನ ಕೈಯಿಂದಲೇ ಜಾರಿದ ಸಿಗರೇಟು ಸುಮಾರು 30,000 ಅಡಿ ಮೂಲಪ್ರತಿಯನ್ನು ಕ್ಷಣಮಾತ್ರದಲ್ಲಿ ನುಂಗಿಬಿಟ್ಟಿತು. ಅವನಿಗೂ ಸುಟ್ಟ ಗಾಯಗಳಾದವು.

ಅದೃಷ್ಟವಶಾತ್ ಅದರ ಒಂದು ಪ್ರತಿ ಬೇರೆಡೆ ಉಳಿದಿತ್ತು. ಅದನ್ನು ಅವನು ಕೆಲವರಿಗೆ ತೋರಿಸಿದನು. ನೋಡಿದವರು ಸೌಜನ್ಯದಿಂದ ಮೆಚ್ಚಿಕೊಂಡರು. ಆದರೆ ಆ ಮೆಚ್ಚುಗೆಯ ಹಿಂದಿನ ಸತ್ಯ ಅವನಿಗೆ ತಿಳಿಯದೆ ಹೋಗಲಿಲ್ಲ. ಅವರು ಆಸಕ್ತಿ ತಳೆದಿದ್ದುದು ಫ್ಲಾಹರ್ಟಿ ಎಲ್ಲೆಲ್ಲಿ ಹೋದ, ಏನೇನು ಮಾಡಿದ ಎಂಬುದರಲ್ಲಿ. ಇನುಯಿಟ್ ಜನರ ಬದುಕಿನಲ್ಲಿ ಅಲ್ಲ. ಇಲ್ಲೊಂದು ನೋಟ, ಅಲ್ಲೊಂದು ನೋಟ. ನಡುವೆ ಎಳೆಯಿಲ್ಲ, ಮನುಷ್ಯನಿಲ್ಲ. ಸುಟ್ಟುಹೋದುದಕ್ಕೆ ಅಳುವ ಅಗತ್ಯವಿಲ್ಲವೆಂದು ಅವನು ತೀರ್ಮಾನಿಸಿದನು. ಮತ್ತೊಮ್ಮೆ ಹೋಗಬೇಕು, ಒಬ್ಬನೇ ಒಬ್ಬ ಬೇಟೆಗಾರನನ್ನೂ ಅವನ ಸಂಸಾರವನ್ನೂ ಆರಿಸಿಕೊಂಡು ಅವರ ಕಣ್ಣಿನಿಂದಲೇ ಆ ನಾಡನ್ನು ತೋರಿಸಬೇಕು ಎಂಬ ಛಲ ಹುಟ್ಟಿತು.

ನಮ್ಮ ವ್ಯಾಪಾರಿಗಳಿಗೆ ಮೊದಲನೆಯ ಪಾಠ ಇಲ್ಲಿಯೇ ಇದೆ. ನಮ್ಮ ಸಂಸ್ಥೆ ಇಂಥ ವರ್ಷ ಹುಟ್ಟಿತು, ಇಷ್ಟು ಕಟ್ಟಡ ಕಟ್ಟಿತು, ಇಷ್ಟು ಪದಕ ಗೆದ್ದಿತು ಎಂದು ಹೇಳಿಕೊಳ್ಳುವ ಚಿತ್ರಗಳು ಫ್ಲಾಹರ್ಟಿಯ ಆ ಮೊದಲ ಚಿತ್ರದ ಜಾತಿಗೆ ಸೇರಿದವು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವವನನ್ನು ಜನ ಸೌಜನ್ಯಕ್ಕಾಗಿ ನೋಡುತ್ತಾರೆ. ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ.

ಪ್ಯಾರಿಸ್ಸಿನ ಹಣ

ಮುಂದಿನ ನಾಲ್ಕು ವರ್ಷ ಹಣಕ್ಕಾಗಿ ಪರದಾಟ. ಕೊನೆಗೆ 1920ರಲ್ಲಿ ಕೈಹಿಡಿದದ್ದು ರೆವಿಯೋಂ ಮನೆತನ. 1723ರಲ್ಲಿ ಸ್ಥಾಪನೆಯಾದ ಈ ಹಳೆಯ ಅಂಗಡಿಗೆ ಉತ್ತರ ಕೆನಡಾದಲ್ಲಿ ತುಪ್ಪಳ ಕೊಳ್ಳುವ ಮಳಿಗೆಗಳಿದ್ದವು. ಅಲ್ಲಿ ಅದರ ಎದುರಾಳಿ 1670ರಿಂದ ಬೇರೂರಿದ್ದ ಹಡ್ಸನ್ಸ್ ಬೇ ಕಂಪನಿ. ಅಂಥ ಘಟಾನುಘಟಿಯ ಎದುರಿನಲ್ಲಿ ಹೆಸರು ಗಳಿಸಬೇಕಾದ ವ್ಯಾಪಾರಿ ಮಾಡಿದ್ದೇನು? ಸುಮಾರು 53,000 ಡಾಲರುಗಳನ್ನು ಒಂದು ಚಿತ್ರಕ್ಕೆ ತೊಡಗಿಸಿದನು. ಬದಲಿಗೆ ಪಡೆದದ್ದು, ಚಿತ್ರವನ್ನು ಅರ್ಪಿಸುವವರು ರೆವಿಯೋಂ ಫ್ರೆರ್ ಎಂಬ ಆರಂಭದ ಒಂದು ಸಾಲು. ನಡುವೆ ನಾನೂಕನು ತುಪ್ಪಳ ಮಾರಲು ಮಳಿಗೆಗೆ ಬರುವ ಒಂದು ಪ್ರಸಂಗವುಂಟು. ಉಳಿದದ್ದೆಲ್ಲ ಬೇಟೆಗಾರನ ಸಂಸಾರದ್ದೇ.

1920ರ ಆಗಸ್ಟಿನಲ್ಲಿ ಫ್ಲಾಹರ್ಟಿ ಹಡ್ಸನ್ ಕೊಲ್ಲಿಯ ಪೂರ್ವದಂಡೆಯ ಪೋರ್ಟ್ ಹ್ಯಾರಿಸನ್ನಿನ ಮಳಿಗೆಗೆ ಬಂದಿಳಿದನು. ಈಗ ಆ ಊರಿನ ಹೆಸರು ಇನುಕ್ಜುವಾಕ್. ಜೊತೆಗೆ ಎರಡು ಏಕ್ಲಿ ಕ್ಯಾಮೆರಾಗಳು, ಫಿಲ್ಮನ್ನು ತೊಳೆದು ಪ್ರತಿ ತೆಗೆಯುವ ಸಲಕರಣೆಗಳು, ತೋರಿಸುವ ಯಂತ್ರ. ಆ ಚಳಿಯಲ್ಲಿ ಎಣ್ಣೆ ಹೆಪ್ಪುಗಟ್ಟುವುದರಿಂದ ಕ್ಯಾಮೆರಾದ ಕೀಲುಗಳಿಗೆ ಗ್ರಾಫೈಟ್ ಪುಡಿಯನ್ನೇ ಹಾಕಬೇಕು. ವಿದ್ಯುದ್ದೀಪದ ಬೆಳಕು ಸ್ಥಿರವಾಗಿ ನಿಲ್ಲದಿದ್ದುದರಿಂದ ಕಿಟಕಿಗೆ ಕಪ್ಪು ಬಳಿದು, ಫಿಲ್ಮಿನ ಒಂದು ಚೌಕದಷ್ಟೇ ಕಿಂಡಿಯನ್ನು ಉಳಿಸಿ, ಸೂರ್ಯನ ಬೆಳಕಿನಲ್ಲಿ ಪ್ರತಿ ತೆಗೆದನು. ಫಿಲ್ಮನ್ನು ತೊಳೆಯುವ ನೀರಿಗಾಗಿ ಇನುಯಿಟ್ ಸಂಗಡಿಗರು ಗಡ್ಡೆಕಟ್ಟಿದ ಹೊಳೆಯನ್ನು ಕೊರೆದು, ಪೀಪಾಯಿಗಳನ್ನು ತುಂಬಿ, ನಾಯಿಗಳೆಳೆಯುವ ಹಿಮಬಂಡಿಯಲ್ಲಿ ತಂದು ಸುರಿದರು. ಕೆಟ್ಟ ಕ್ಯಾಮೆರಾವನ್ನು ಬಿಚ್ಚಿ ಒಪ್ಪವಾಗಿ ಜೋಡಿಸಿಕೊಟ್ಟವರೂ ಅವರೇ.

ಚಿತ್ರದ ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ನಾನೂಕ್ ಎಂದರೆ ಆ ಭಾಷೆಯಲ್ಲಿ ಹಿಮಕರಡಿ. ನೋಡುವವರ ನಾಲಗೆಗೆ ಸುಲಭವಾಗಲೆಂದು ಇಟ್ಟ ಹೆಸರು. ತೆಗೆದ ತುಣುಕುಗಳನ್ನು ಫ್ಲಾಹರ್ಟಿ ಆಗಿಂದಾಗ ಅಲ್ಲಿಯ ಜನರಿಗೇ ತೋರಿಸುತ್ತಿದ್ದನು. ವಾಲ್ರಸ್ ಬೇಟೆಯ ತುಣುಕನ್ನು ಮೊದಲ ಬಾರಿಗೆ ತೋರಿಸಿದಾಗ, ಮಳಿಗೆಯಲ್ಲಿ ಕಿಕ್ಕಿರಿದಿದ್ದವರು ತೆರೆಯನ್ನು ಮರೆತು, ಹಿಡಿ, ಬಿಡಬೇಡ ಎಂದು ಕೂಗಿಕೊಂಡರಂತೆ. ಅಂದಿನಿಂದ ಅವರೆಲ್ಲರೂ ಚಿತ್ರದ ಪಾಲುದಾರರಾದರು. ಹೊಸ ಹೊಸ ಬೇಟೆಗಳನ್ನು ತಾವಾಗಿಯೇ ಸೂಚಿಸತೊಡಗಿದರು.

ಪ್ಯಾರಮೌಂಟ್ ಮೊದಲಾದ ದೊಡ್ಡ ಸಂಸ್ಥೆಗಳು ಈ ಚಿತ್ರವನ್ನು ಯಾರು ನೋಡುತ್ತಾರೆಂದು ಹಿಂದಿರುಗಿಸಿದವು. ಕೊನೆಗೆ ಪಾಥೆ ಸಂಸ್ಥೆ ಒಪ್ಪಿಕೊಂಡಿತು. 1922ರ ಜೂನ್ 11ರಂದು ನ್ಯೂಯಾರ್ಕಿನ ಕ್ಯಾಪಿಟಲ್ ಥಿಯೇಟರಿನಲ್ಲಿ ಪ್ರದರ್ಶನವಾದ ಮೇಲೆ ಅದು ಲೋಕವನ್ನೇ ಸುತ್ತಿ ಬಂದಿತು. ಎಷ್ಟರ ಮಟ್ಟಿಗೆ ಎಂದರೆ, ಹತ್ತು ವರ್ಷಗಳ ನಂತರ ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಬರ್ಲಿನ್ನಿನಲ್ಲಿ ಐಸ್‌ಕ್ರೀಮ್ ಕೊಂಡಾಗ ಅದರ ಹೆಸರೇ 'ನಾನೂಕ್' ಎಂದಿತ್ತು. ಸುತ್ತಿದ ಕಾಗದದ ಮೇಲೆ ಅದೇ ಬೇಟೆಗಾರನ ನಗುಮುಖವಿತ್ತು. ತುಪ್ಪಳದ ವ್ಯಾಪಾರಿ ತನ್ನ ಸರಕಿನ ಮೇಲೆ ಅಂಟಿಸಿಕೊಳ್ಳದ ಮುಖವನ್ನು ಮತ್ತೊಬ್ಬನು ಕೇಳದೆಯೇ ಅಂಟಿಸಿಕೊಂಡಿದ್ದನು!

ನಗುಮುಖದ ಹಿಂದೆ

ಇಲ್ಲಿಗೆ ಕಥೆ ಮುಗಿದಿದ್ದರೆ ವ್ಯಾಪಾರಶಾಸ್ತ್ರದ ಪುಸ್ತಕಕ್ಕೆ ಒಳ್ಳೆಯ ಅಧ್ಯಾಯವಾಗುತ್ತಿತ್ತು. ಆದರೆ ಆ ನಗುಮುಖದ ಹಿಂದೆ ನೋಡಬೇಕಾದದ್ದು ಇನ್ನೂ ಇದೆ.

ನಾನೂಕನು ಮಳಿಗೆಯಲ್ಲಿ ಗ್ರಾಮಫೋನನ್ನು ಕಂಡು ಬೆರಗಾಗಿ ಅದರ ತಟ್ಟೆಯನ್ನು ಕಚ್ಚಿ ನೋಡುವ ದೃಶ್ಯ ಪ್ರೇಕ್ಷಕರನ್ನು ಬಹಳ ನಗಿಸಿತು. ನಿಜವಾಗಿ ಆತನು ಗ್ರಾಮಫೋನನ್ನು ಬಲ್ಲವನೇ. ಆ ಕಾಲಕ್ಕಾಗಲೇ ಅಲ್ಲಿಯ ಬೇಟೆಗಾರರು ಬಂದೂಕನ್ನು ಬಳಸುತ್ತಿದ್ದರು. ಚಿತ್ರಕ್ಕಾಗಿ ತಾತಂದಿರ ಕಾಲದ ಈಟಿಯನ್ನು ಹಿಡಿದರು. ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಹಿಮದ ಮನೆಯ ಅರ್ಧ ಮಾಡನ್ನೇ ಕತ್ತರಿಸಿ ತೆಗೆದರು. ಆ ಬಯಲು ಚಳಿಯಲ್ಲಿಯೇ ಸಂಸಾರವು ಮಲಗಿ ಏಳುವ ನಟನೆ ಮಾಡಬೇಕಾಯಿತು. ಸಂಸಾರವೂ ನಿಜವಾದ ಸಂಸಾರವಲ್ಲ. ನಾನೂಕನ ಹೆಂಡತಿಯೆಂದು ತೋರಿಸಿದ ಹೆಂಗಸು ಅವನ ಹೆಂಡತಿಯಾಗಿರಲಿಲ್ಲ.

ವಾಲ್ರಸ್ ಬೇಟೆಯಲ್ಲಿ ಈಟಿಗೆ ಸಿಕ್ಕಿದ ಪ್ರಾಣಿ ಬೇಟೆಗಾರರನ್ನೇ ಕಡಲಿಗೆಳೆಯತೊಡಗಿತು. ಬಂದೂಕು ಹಾರಿಸು ಎಂದು ಅವರು ಕೂಗಿದರು. ಫ್ಲಾಹರ್ಟಿ ಕೇಳಿಸದವನಂತೆ ನಟಿಸಿ ಕ್ಯಾಮೆರಾದ ಹಿಡಿಯನ್ನು ತಿರುಗಿಸುತ್ತಲೇ ಇದ್ದನು. ಇದನ್ನು ಹೇಳಿಕೊಂಡವನು ಅವನೇ. ಆ ದೃಶ್ಯ ಇಂದಿಗೂ ಮೈನವಿರೇಳಿಸುತ್ತದೆ. ಅವರಲ್ಲಿ ಒಬ್ಬನು ನೀರುಪಾಲಾಗಿದ್ದರೆ?

ಚಿತ್ರ ತೆರೆಕಂಡ ಎರಡು ವರ್ಷಗಳೊಳಗೆ ಅಲ್ಲಕರಿಯಲ್ಲಕ್ ತೀರಿಕೊಂಡನು. ಜಿಂಕೆಯ ಬೇಟೆಗೆ ಹೋಗಿ ಹಸಿವಿನಿಂದ ಸತ್ತನೆಂದು ಫ್ಲಾಹರ್ಟಿ ಲೋಕಕ್ಕೆ ತಿಳಿಸಿದನು. ಪ್ರಚಾರಕ್ಕೆ ಒಪ್ಪುವ ಮರಣ ಅದು. ಮನೆಯಲ್ಲಿಯೇ, ಬಹುಶಃ ಕ್ಷಯರೋಗದಿಂದ, ಸತ್ತನೆಂಬುದು ನಂತರದ ಸಂಶೋಧಕರ ಅಭಿಪ್ರಾಯ. ಹೆಂಡತಿಯ ಪಾತ್ರ ಮಾಡಿದ ಹೆಂಗಸಿಗೆ 1921ರ ಕೊನೆಯಲ್ಲಿ ಫ್ಲಾಹರ್ಟಿಯಿಂದಲೇ ಒಬ್ಬ ಮಗ ಹುಟ್ಟಿದನು. ತಂದೆ ಅಷ್ಟರಲ್ಲಿ ಹಡಗು ಹತ್ತಿ ಹೋಗಿದ್ದನು. ಆ ಮಗನನ್ನು ತನ್ನವನೆಂದು ಎಂದೂ ಒಪ್ಪಿಕೊಳ್ಳಲಿಲ್ಲ. 1950ರ ದಶಕದಲ್ಲಿ ಕೆನಡಾ ಸರ್ಕಾರವು ಆ ಊರಿನ ಕೆಲವು ಕುಟುಂಬಗಳನ್ನು ಇನ್ನೂ ಉತ್ತರದ ಘೋರ ಹಿಮಭೂಮಿಗೆ ಸಾಗಿಸಿದಾಗ ಆ ಮಗನ ಸಂಸಾರವೂ ಅದರಲ್ಲಿ ಸೇರಿತ್ತು. ಆ ಕೃತ್ಯಕ್ಕಾಗಿ ಸರ್ಕಾರವು ಕ್ಷಮೆ ಕೇಳಿದ್ದು 2010ರಲ್ಲಿ.

ಕಥೆಯ ನಾಯಕರನ್ನು ಲೋಕವೆಲ್ಲ ಪ್ರೀತಿಸಿತು. ಆದರೆ ಆ ಪ್ರೀತಿ ಅವರ ಬಾಗಿಲಿಗೆ ಬರಲಿಲ್ಲ.

ಹೆಸರು ಹೇಳದ ಒಡೆಯ

ಫ್ಲಾಹರ್ಟಿಯ ಕೊನೆಯ ದೊಡ್ಡ ಚಿತ್ರದ ಕಥೆ ಇನ್ನೂ ವಿಚಿತ್ರ. ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಪೆಟ್ರೋಲಿಯಂ ಶೋಧನೆಯನ್ನು ಕುರಿತು ಚಿತ್ರ ತೆಗೆಯಬೇಕೆಂದು ಅವನನ್ನು ಕೇಳಿಕೊಂಡಿತು. ಕರಾರು ಕೇಳಿದರೆ ಇಂದಿನ ನಿರ್ದೇಶಕರು ಅಸೂಯೆಪಟ್ಟಾರು. ಖರ್ಚು ಎರಡೂವರೆ ಲಕ್ಷ ಡಾಲರಿಗೂ ಮಿಗಿಲು, ಎಲ್ಲವೂ ಕಂಪನಿಯದು, ಆದಾಯವೆಲ್ಲ ಫ್ಲಾಹರ್ಟಿಯದು, ಚಿತ್ರದಲ್ಲಿ ಎಲ್ಲಿಯೂ ಕಂಪನಿಯ ಹೆಸರು ಬರಬೇಕಾದದ್ದಿಲ್ಲ.

1948ರಲ್ಲಿ ಹೊರಬಂದ 'ಲೂಸಿಯಾನಾ ಸ್ಟೋರಿ' ಸುಂದರವಾದ ಚಿತ್ರವೆಂಬುದರಲ್ಲಿ ಸಂದೇಹವಿಲ್ಲ. ಅದರ ಸಂಗೀತಕ್ಕಾಗಿ ವರ್ಜಿಲ್ ಥಾಮ್ಸನ್ನನಿಗೆ 1949ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತು. ಜೌಗುನಾಡಿನ ಮೌನ, ಮರಗಳಿಂದ ಇಳಿಬಿದ್ದ ಪಾಚಿ, ದೋಣಿಯಲ್ಲಿ ಅಲೆಯುವ ಒಬ್ಬ ಹುಡುಗ, ಅವನ ಸಾಕು ರಕೂನ್, ನೀರಿನಲ್ಲಿ ಹೊಂಚುಹಾಕುವ ಮೊಸಳೆ. ಒಂದು ದಿನ ಆ ನೀರಿನ ಮೇಲೆ ಉಕ್ಕಿನ ಗೋಪುರವೊಂದು ತೇಲಿ ಬರುತ್ತದೆ. ಬಾವಿ ಕೊರೆಯುವವರು ಹುಡುಗನ ಗೆಳೆಯರಾಗುತ್ತಾರೆ. ಬಾವಿ ಸಿಡಿದಾಗ ಹುಡುಗನು ತನಗೆ ತಿಳಿದ ಮಂತ್ರವೆಂಬಂತೆ ಅದರೊಳಗೆ ಉಪ್ಪು ಸುರಿದು ಉಗುಳುತ್ತಾನೆ. ಎಣ್ಣೆ ಸಿಗುತ್ತದೆ, ಗೋಪುರ ಹೊರಟುಹೋಗುತ್ತದೆ, ಕೊಳವೆಯೊಂದು ಮಾತ್ರ ನೀರಿನ ಮೇಲೆ ಉಳಿಯುತ್ತದೆ. ಜೌಗುನಾಡು ಮೊದಲಿನಂತೆಯೇ ನಗುತ್ತಿರುತ್ತದೆ.

ಆದರೆ ನಿಜವಾದ ಜೌಗುನಾಡು ಹಾಗೆ ಉಳಿಯಲಿಲ್ಲ. 1932ರಿಂದ 2016ರವರೆಗೆ ಲೂಸಿಯಾನಾದ ಕರಾವಳಿ ಕಳೆದುಕೊಂಡ ನೆಲ ಸುಮಾರು 4,800 ಚದರ ಕಿಲೋಮೀಟರ್. ಮಿಸಿಸಿಪ್ಪಿ ನದಿಗೆ ಒಡ್ಡುಗಳನ್ನು ಕಟ್ಟಿ ಹೂಳು ಹರಡದಂತೆ ಮಾಡಿದ್ದು, ನೆಲವು ಕುಸಿಯುತ್ತಿರುವುದು ಇವೆಲ್ಲ ಕಾರಣಗಳು. ಅವುಗಳೊಂದಿಗೆ, ಎಣ್ಣೆಬಾವಿಗಳಿಗೆ ದಾರಿಯಾಗಲೆಂದು ತೋಡಿದ ಕಾಲುವೆಗಳೂ ದೊಡ್ಡ ಕಾರಣ. ಆ ಕಾಲುವೆಗಳ ಮೂಲಕ ಉಪ್ಪುನೀರು ಒಳನುಗ್ಗಿ, ಮಣ್ಣನ್ನು ಹಿಡಿದಿಟ್ಟಿದ್ದ ಗಿಡಗಂಟಿಗಳನ್ನು ಕೊಂದಿತು.

ರೆವಿಯೋಂ ತನ್ನ ಹೆಸರನ್ನು ಒಂದು ಸಾಲಿಗೆ ಇಳಿಸಿಕೊಂಡದ್ದು ವಿನಯ. ಸ್ಟ್ಯಾಂಡರ್ಡ್ ಆಯಿಲ್ ತನ್ನ ಹೆಸರನ್ನು ಪೂರ್ತಿ ಮರೆಮಾಡಿದ್ದನ್ನೂ ವಿನಯವೆನ್ನಬಹುದೆ? ಚಿತ್ರಮಂದಿರದಲ್ಲಿ ಕುಳಿತವನಿಗೆ, ತಾನು ನೋಡುತ್ತಿರುವುದು ಎಣ್ಣೆಯ ಒಡೆಯನೇ ಹಣ ಕೊಟ್ಟು ಹೇಳಿಸಿದ ಕಥೆ ಎಂಬುದು ತಿಳಿಯಬೇಕಾಗಿತ್ತಲ್ಲವೆ? ಕಥೆಯ ನಡುವೆ ಹೊಗಳಿಕೊಳ್ಳದೆ ಇರುವುದು ಬೇರೆ. ಕಥೆ ಯಾರದೆಂಬುದನ್ನೇ ಮುಚ್ಚಿಡುವುದು ಬೇರೆ.

ಬಂಡೆಯ ಮೇಲಿನ ಸತ್ಯ

ಹಾಗಾದರೆ ವ್ಯಾಪಾರಿಯ ಹಣದಿಂದ ಪ್ರಾಮಾಣಿಕವಾದ ಕಥೆ ಹುಟ್ಟುವುದೇ ಇಲ್ಲವೆ? ಹುಟ್ಟುತ್ತದೆ, ಆದರೆ ಕಥೆಗಿಂತ ಮೊದಲು ನಡತೆಯಿರಬೇಕು.

ಕ್ಯಾಲಿಫೋರ್ನಿಯಾದ ಇವಾನ್ ಶುನಾರ್ಡ್ ಕಮ್ಮಾರಿಕೆಯನ್ನು ತಾನೇ ಕಲಿತು ಬಂಡೆಯೇರುವವರಿಗೆ ಉಕ್ಕಿನ ಮೊಳೆಗಳನ್ನು ಮಾಡಿ ಮಾರುತ್ತಿದ್ದನು. 1968ರಲ್ಲಿ ಅವನೂ ನಾಲ್ವರು ಗೆಳೆಯರೂ ಹಳೆಯ ವ್ಯಾನೊಂದರಲ್ಲಿ ದಕ್ಷಿಣ ಅಮೆರಿಕದ ತುದಿಯವರೆಗೆ ಹೋಗಿ, ಬಿರುಗಾಳಿಗೆ ಹೆದರಿ ಹಿಮದ ಗುಹೆಯಲ್ಲಿ ದಿನಗಟ್ಟಲೆ ಕಾದು, ಫಿಟ್ಜ್ ರಾಯ್ ಶಿಖರವನ್ನು ಏರಿದರು. ಗೆಳೆಯರಲ್ಲಿ ಒಬ್ಬನು ಅದನ್ನು ಚಿತ್ರಿಸಿದನು. ಆ ಚಿತ್ರದ ಹಿಂದೆ ಯಾವ ಸರಕೂ ಇರಲಿಲ್ಲ. ಶುನಾರ್ಡ್ 1973ರಲ್ಲಿ ಬಟ್ಟೆಯ ಕಂಪನಿಯನ್ನು ಸ್ಥಾಪಿಸಿದಾಗ ಅದಕ್ಕೆ ಆ ಸೀಮೆಯ ಹೆಸರಾದ 'ಪ್ಯಾಟಗೋನಿಯಾ' ಎಂಬುದನ್ನೇ ಇಟ್ಟನು. ಆ ಶಿಖರದ ಸಾಲೇ ಅದರ ಗುರುತಾಯಿತು. ಸಾಹಸ ಮೊದಲು ಬಂದಿತು, ಹೆಸರು ಅನಂತರ.

ಅದಕ್ಕೂ ಮಿಗಿಲಾದ ಸಂಗತಿಯೊಂದುಂಟು. ತಾನು ಮಾರುವ ಮೊಳೆಗಳನ್ನು ಮತ್ತೆ ಮತ್ತೆ ಹೊಡೆದು ಕೀಳುವುದರಿಂದ ಬಂಡೆಗಳ ಬಿರುಕುಗಳು ಒಡೆದು ವಿಕಾರವಾಗುತ್ತಿರುವುದನ್ನು ಕಂಡಾಗ, ತನ್ನ ವ್ಯಾಪಾರದ ಬಹುಪಾಲು ಆ ಮೊಳೆಗಳೇ ಆಗಿದ್ದರೂ ಅವನು ಅವನ್ನು ಕೈಬಿಡಲು ನಿರ್ಧರಿಸಿದನು. ಬದಲಿಗೆ, ಸುತ್ತಿಗೆಯಿಲ್ಲದೆ ಕೈಯಿಂದಲೇ ಸಿಕ್ಕಿಸಿ ತೆಗೆಯಬಹುದಾದ ಅಲ್ಯೂಮಿನಿಯಂ ಬಿಲ್ಲೆಗಳನ್ನು ತಯಾರಿಸಿ, 1972ರ ಸರಕುಪಟ್ಟಿಯಲ್ಲಿ ಕಾರಣವನ್ನು ವಿವರವಾಗಿ ಮುದ್ರಿಸಿದನು. ಇಂಥ ಹಿನ್ನೆಲೆಯಿದ್ದುದರಿಂದಲೇ, 2011ರ ನವೆಂಬರ್ 25ರಂದು ಅದೇ ಕಂಪನಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ಕೋಟನ್ನು ಕೊಳ್ಳಬೇಡಿ ಎಂದು ತನ್ನದೇ ಕೋಟಿನ ಚಿತ್ರ ಹಾಕಿ, ಅದನ್ನು ತಯಾರಿಸಲು 135 ಲೀಟರ್ ನೀರು ಬೇಕಾಯಿತೆಂದು ಒಪ್ಪಿಕೊಂಡಾಗ, ಜನ ಅದನ್ನು ಬರಿಯ ಚಮತ್ಕಾರವೆಂದು ತಳ್ಳಿಹಾಕಲಿಲ್ಲ. ಬೇಡವೆನ್ನುವುದೂ ಒಂದು ಜಾಹೀರಾತೇ ಎಂದು ಟೀಕಿಸಿದವರೂ ಇದ್ದರು. ಆ ಮಾತಿನಲ್ಲಿಯೂ ಹುರುಳಿದೆ.

ಕಥೆಗೆ ಸಿಕ್ಕ ಮನುಷ್ಯನನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಇನ್ನೊಂದು ನಿದರ್ಶನ 2018ರ 'ಫ್ರೀ ಸೋಲೋ' ಚಿತ್ರ. ಅಮೆರಿಕದ ಯೊಸೆಮಿಟಿಯಲ್ಲಿರುವ ಎಲ್ ಕ್ಯಾಪಿಟನ್ ಎಂಬುದು ಸುಮಾರು 3,000 ಅಡಿ ಎತ್ತರದ ನೆಟ್ಟನೆಯ ಬಂಡೆ. ಅಲೆಕ್ಸ್ ಹೊನಾಲ್ಡ್ ಅದನ್ನು ಹಗ್ಗವಿಲ್ಲದೆ ಏರಬೇಕೆಂದು ಹೊರಟನು. ಜಾರಿದರೆ ಸಾವೇ ಗತಿ. ಚಿತ್ರ ತೆಗೆದ ಜಿಮ್ಮಿ ಚಿನ್ ಮತ್ತು ಎಲಿಜಬೆತ್ ಚಾಯ್ ವಾಸರ್ಹೇಯಿ ದಂಪತಿಗಳಿಗೆ ಇದ್ದ ಭಯ ಒಂದೇ: ಕ್ಯಾಮೆರಾ ಇದೆಯೆಂಬ ಕಾರಣಕ್ಕೆ ಅವನು ಏರಬಾರದು. ಆದುದರಿಂದ ಸ್ವತಃ ಬಂಡೆಯೇರಬಲ್ಲವರನ್ನೇ ಛಾಯಾಗ್ರಾಹಕರನ್ನಾಗಿ ಆರಿಸಿಕೊಂಡರು. ಕಠಿಣವಾದ ಜಾಗಗಳಲ್ಲಿ ದೂರದಿಂದ ನಡೆಸುವ ಕ್ಯಾಮೆರಾಗಳನ್ನು ಇರಿಸಿದರು. 2016ರಲ್ಲಿ ಹೊನಾಲ್ಡ್ ಏರತೊಡಗಿ, ಮನಸ್ಸಿಗೆ ಸರಿಬಾರದೆ ನಡುವೆಯೇ ಹಿಂದಿರುಗಿದನು. ಯಾರೂ ಅವನನ್ನು ಮುಂದಕ್ಕೆ ನೂಕಲಿಲ್ಲ. 2017ರ ಜೂನ್ 3ರಂದು ತಾನಾಗಿಯೇ ಹೊರಟು, 3 ಗಂಟೆ 56 ನಿಮಿಷಗಳಲ್ಲಿ ತುದಿ ಮುಟ್ಟಿದನು. ಛಾಯಾಗ್ರಾಹಕರಲ್ಲಿ ಒಬ್ಬನು ಆ ದೃಶ್ಯವನ್ನು ನೋಡಲಾರದೆ ಮುಖ ತಿರುಗಿಸಿಕೊಂಡದ್ದೂ ಚಿತ್ರದಲ್ಲಿದೆ. ಅದಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. ವಾಲ್ರಸ್ ಬೇಟೆಗಾರರ ಕೂಗಿಗೆ ಕಿವಿಮುಚ್ಚಿಕೊಂಡ ಫ್ಲಾಹರ್ಟಿಗೂ ಇವರಿಗೂ ಎಷ್ಟು ದೂರ!

ನಾವು ಕೇಳಬೇಕಾದ ಪ್ರಶ್ನೆಗಳು

ಇಂದು ಸೋಪು, ಪಾನೀಯ, ಮೋಟಾರು, ಬ್ಯಾಂಕು ಎಲ್ಲವೂ ಕಥೆ ಹೇಳುತ್ತಿವೆ. ಮಕ್ಕಳು ಮಡಿಲಲ್ಲಿ ಫೋನಿಟ್ಟುಕೊಂಡು ನೋಡುವ ಎಷ್ಟೋ ಸಾಹಸಗಳಿಗೆ ಒಬ್ಬ ಯಜಮಾನನಿರುತ್ತಾನೆ. ಅವೆಲ್ಲ ಕೆಟ್ಟವೆಂದು ಬದಿಗೊತ್ತುವ ಕಾರಣವಿಲ್ಲ. ರೆವಿಯೋಂ ಹಣ ಕೊಡದಿದ್ದರೆ ನಾನೂಕನ ಚಿತ್ರವೇ ಇರುತ್ತಿರಲಿಲ್ಲ. ಆದರೆ ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಹಣ ಯಾರದು, ಅದನ್ನು ಹೇಳಿದ್ದಾರೆಯೆ? ತೋರಿಸಿದ್ದರಲ್ಲಿ ನಡೆದದ್ದು ಎಷ್ಟು, ನಡೆಸಿದ್ದು ಎಷ್ಟು? ಕಥೆ ಮುಗಿದ ಮೇಲೆ, ಅದರೊಳಗಿನ ಮನುಷ್ಯರಿಗೂ ನೆಲಕ್ಕೂ ಏನಾಯಿತು?

ಕಥೆ ಹೇಳಿಸಬೇಕೆಂದಿರುವ ವ್ಯಾಪಾರಿಗೂ ಈ ಮೂರೇ ಪ್ರಶ್ನೆಗಳು ಸಾಕು. ಮೂರಕ್ಕೂ ತಲೆತಗ್ಗಿಸದೆ ಉತ್ತರ ಕೊಡಬಲ್ಲವನು ತನ್ನ ಹೆಸರನ್ನು ಸಣ್ಣ ಅಕ್ಷರದಲ್ಲಿ ಹಾಕಿಕೊಂಡರೂ ಜನ ನೆನಪಿಡುತ್ತಾರೆ.

ಇನುಯಿಟ್ ಜನರ ವಿಷಯ ಇನ್ನೊಂದು ಮಾತು. ಅವರು ಈಗ ಇತರರ ಕ್ಯಾಮೆರಾಕ್ಕೆ ಕಾಯುವುದಿಲ್ಲ. ಅವರಲ್ಲೇ ಒಬ್ಬನಾದ ಜಕರಾಯಸ್ ಕುನುಕ್ ತಮ್ಮ ಭಾಷೆಯಲ್ಲಿಯೇ ತಮ್ಮ ಪುರಾತನ ಕಥೆಯೊಂದನ್ನು 'ಅತಾನಾರ್ಜುವಾತ್' ಎಂಬ ಚಿತ್ರವಾಗಿ ತೆಗೆದನು. 2001ರ ಕಾನ್ ಚಿತ್ರೋತ್ಸವದಲ್ಲಿ, ಹೊಸ ನಿರ್ದೇಶಕರ ಮೊದಲ ಚಿತ್ರಕ್ಕೆ ಕೊಡುವ ಬಹುಮಾನ ಅದಕ್ಕೆ ದೊರೆಯಿತು. ಅದರಲ್ಲಿ ಹಿಮದ ಮೇಲೆ ಬರಿಗಾಲಿನಲ್ಲಿ ಓಡುವ ನಾಯಕನಿಗೆ ಅವನ ಜನರಿಟ್ಟ ಹೆಸರೇ ಇದೆ.